ಓದುಗರ ಪ್ರಶ್ನೆ: ಪ್ರಾರ್ಥನೆ ನಿಂತ ಚರ್ಚಿನ ಸುತ್ತ ಜಿಪಿಎಸ್ ನಿಧಿಶೋಧ

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ಓದುತ್ತಿದ್ದಾಳೆ. ಊರಿನ ನಡುವೆ, ಪ್ರಾರ್ಥನೆ ನಿಂತುಹೋಗಿರುವ ಹಳೆಯ ಚರ್ಚೊಂದರ ಸುತ್ತ ಅವಳೂ ಗೆಳತಿಯರೂ ಮೊಬೈಲ್ ಹಿಡಿದು ನಿಧಿ ಹುಡುಕಿದರಂತೆ. ಕೊನೆಗೆ ಸಿಕ್ಕಿದ್ದು ಹೆಬ್ಬೆರಳಿನಷ್ಟು ದೊಡ್ಡ ಡಬ್ಬಿ, ಅದರೊಳಗೊಂದು ಕಾಗದದ ಸುರುಳಿ. ಇದೆಂಥ ಆಟ? ದೇವರ ಮನೆಯೊಂದು ಬೇಡವಾಗುವುದು ಹೇಗೆ? ಅಂಥ ಕಡೆ ಆಟವಾಡುವುದು ಸರಿಯೇ?
— ನಿವೃತ್ತ ಶಿಕ್ಷಕರೊಬ್ಬರು, ಜಯನಗರ

ಉತ್ತರ: ಮಾನ್ಯರೇ, ನಿಮ್ಮ ಮಗಳು ಆಡಿದ ಆಟಕ್ಕೆ ಜಿಯೋಕ್ಯಾಷಿಂಗ್ ಎಂದು ಹೆಸರು. ಅಮೆರಿಕದ ಸೇನೆಗಾಗಿ ರೂಪುಗೊಂಡ ಜಿಪಿಎಸ್ ಉಪಗ್ರಹಗಳ ಸಂಕೇತದಲ್ಲಿ, ಜನಸಾಮಾನ್ಯರಿಗೆ ನಿಖರವಾದ ಸ್ಥಾನ ತಿಳಿಯದಿರಲೆಂದು ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಆ ದೇಶದ ಸರಕಾರ 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಅದುವರೆಗೆ ಸುಮಾರು 100 ಮೀಟರ್‌ವರೆಗೂ ತಪ್ಪು ತೋರಿಸುತ್ತಿದ್ದ ಉಪಕರಣಗಳು ಬೆಳಗಾಗುವುದರೊಳಗೆ 10ರಿಂದ 20 ಮೀಟರಿನೊಳಗೆ ಗುರಿ ತೋರತೊಡಗಿದವು. ಈ ಹೊಸ ನಿಖರತೆಯನ್ನು ಪರೀಕ್ಷಿಸಲೆಂದು ಡೇವ್ ಅಲ್ಮರ್ ಎಂಬವರು ಮೇ 3ರಂದು ಆರೆಗನ್ ರಾಜ್ಯದ ಕಾಡಂಚಿನಲ್ಲಿ ಒಂದು ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರಜಾಲದಲ್ಲಿ ಪ್ರಕಟಿಸಿದರು. ಬಕೆಟ್ಟಿನಲ್ಲಿದ್ದ ‘ನಿಧಿ’ಯಲ್ಲಿ ಬೀನ್ಸ್ ತುಂಬಿದ ಒಂದು ಡಬ್ಬವೂ ಇತ್ತು. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು, ಏನಾದರೂ ತೆಗೆದುಕೊಂಡರೆ ಪ್ರತಿಯಾಗಿ ಏನಾದರೂ ಇಡಬೇಕು ಎಂಬ ಪದ್ಧತಿ ಅಂದಿನಿಂದ ಬಂದದ್ದು.

ಬ್ರಿಟನ್ನಿನಲ್ಲಿ ಈ ಆಟಕ್ಕೆ ಚರ್ಚುಗಳು ಬಹಳ ಒಗ್ಗಿಬಂದಿವೆ. ‘ಚರ್ಚ್ ಮೈಕ್ರೋ’ ಎಂಬ ಸರಣಿಯೇ ದೇಶದ ತುಂಬ ಹಬ್ಬಿದೆ. ಡಬ್ಬಿಯ ಜಾಗವನ್ನು ನೇರವಾಗಿ ಕೊಡದೆ, ಚರ್ಚಿನ ಬಾಗಿಲಲ್ಲಿ ನಿಲ್ಲಿಸಿ ಸುಳಿವುಗಳನ್ನು ಕೊಡುತ್ತಾರೆ. ಬಾಗಿಲ ಮೇಲಿನ ಇಸವಿಯ ಕೊನೆಯ ಅಂಕಿ ಯಾವುದು, ಮೂಡಣ ಕಿಟಕಿಯಲ್ಲಿ ಎಷ್ಟು ಕಂಬಿಗಳಿವೆ, ಇಂಥ ಸಮಾಧಿಕಲ್ಲಿನಲ್ಲಿರುವ ವ್ಯಕ್ತಿ ಎಷ್ಟನೇ ವಯಸ್ಸಿನಲ್ಲಿ ತೀರಿಕೊಂಡರು ಎಂದು ಕೇಳಿ, ಸಿಕ್ಕ ಅಂಕಿಗಳನ್ನು ಅಕ್ಷಾಂಶದ ಖಾಲಿ ಜಾಗಗಳಿಗೆ ತುಂಬಲು ಹೇಳುತ್ತಾರೆ. ಕೊನೆಯ ಡಬ್ಬಿ ಸಾಮಾನ್ಯವಾಗಿ ಚರ್ಚಿನ ಆವರಣದಾಚೆ, ಬೀದಿಯ ಯಾವುದೋ ಬೇಲಿಯ ಮರೆಯಲ್ಲಿರುತ್ತದೆ. ಆಟದ ಅಸಲು ರುಚಿ ಇರುವುದು ಈ ಎಣಿಕೆಯಲ್ಲಿ. ಸಮಾಧಿಕಲ್ಲನ್ನು ಹತ್ತಿರ ಹೋಗಿ ಓದದವನಿಗೆ ಡಬ್ಬಿ ಸಿಗುವುದಿಲ್ಲ.

ಚರ್ಚ್ ಬೇಡವಾಗುವುದು ಹೇಗೆಂದು ಕೇಳಿದ್ದೀರಿ. ಮಧ್ಯಯುಗದಲ್ಲಿ ನಾರ್ವಿಚ್ ಇಂಗ್ಲೆಂಡಿನ ದೊಡ್ಡ ನಗರಗಳಲ್ಲೊಂದಾಗಿತ್ತು. ಕೇರಿಗೊಂದರಂತೆ ಕಟ್ಟಿಸಿದ ಚರ್ಚುಗಳಲ್ಲಿ 31 ಇಂದಿಗೂ ಹಳೆಯ ಕೋಟೆಗೋಡೆಯ ಸುತ್ತಳತೆಯೊಳಗೆ ನಿಂತಿವೆ. ಜನ ಹೊರವಲಯದ ಬಡಾವಣೆಗಳಿಗೆ ಹೋದರು, ಭಾನುವಾರ ಚರ್ಚಿಗೆ ಬರುವವರೂ ಕಡಿಮೆಯಾದರು. 1942ರ ಜರ್ಮನ್ ಬಾಂಬ್ ದಾಳಿಯಲ್ಲಿ ಸೇಂಟ್ ಬೆನೆಡಿಕ್ಟ್ ಚರ್ಚ್ ನೆಲಸಮವಾಗಿ ಅದರ ದುಂಡು ಗೋಪುರವೊಂದೇ ಉಳಿಯಿತು. ಕೂಗಳತೆಯಲ್ಲಿ ನಾಲ್ಕಾರು ಚರ್ಚುಗಳಿದ್ದು ಒಂದಕ್ಕೆ ಸಾಲುವಷ್ಟೇ ಭಕ್ತರಿದ್ದರೆ ಮಿಕ್ಕವುಗಳ ಚಾವಣಿ ಸೋರುವುದನ್ನು ನೋಡಿಕೊಳ್ಳುವವರು ಯಾರು? ಇಂಥ ಕಟ್ಟಡಗಳಿಗಾಗಿ 1968ರಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ಒಂದು ನಿಯಮಾವಳಿ ತಂದಿತು, ಮರುವರ್ಷ ಒಂದು ನಿಧಿ ಸ್ಥಾಪನೆಯಾಯಿತು. 1994ರಿಂದ ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ಎಂದು ಕರೆಸಿಕೊಳ್ಳುತ್ತಿರುವ ಆ ಸಂಸ್ಥೆಯ ಸುಪರ್ದಿಯಲ್ಲಿ ಈಗ 350ಕ್ಕೂ ಹೆಚ್ಚು ಚರ್ಚುಗಳಿವೆ. ಇವುಗಳಲ್ಲಿ ನಿತ್ಯದ ಪ್ರಾರ್ಥನೆ ನಿಂತಿದ್ದರೂ ಪವಿತ್ರತೆ ಹೋಗುವುದಿಲ್ಲ. ವರ್ಷಕ್ಕೆ ಕೆಲವು ಬಾರಿ ಪ್ರಾರ್ಥನೆ ನಡೆಸಲು ಅವಕಾಶವಿದೆ. ನಾರ್ವಿಚ್‌ನ ಹಲವು ಚರ್ಚುಗಳನ್ನು 1973ರಲ್ಲಿ ಹುಟ್ಟಿದ ಅಲ್ಲಿನದೇ ಒಂದು ಟ್ರಸ್ಟ್ ನೋಡಿಕೊಳ್ಳುತ್ತದೆ. ಸೇಂಟ್ ಜೇಮ್ಸ್ ಚರ್ಚಿನಲ್ಲಿ ಈಗ ಗೊಂಬೆಯಾಟದ ರಂಗಮಂದಿರವಿದೆ.

ಹೀಗಿರುವಾಗ ನಾಲ್ಕು ಹುಡುಗಿಯರು ಕಿಟಕಿಯ ಕಂಬಿ ಎಣಿಸುತ್ತ ನಿಲ್ಲುವುದರಲ್ಲಿ ನನಗೆ ತಪ್ಪೇನೂ ಕಾಣದು. ಜಾಗದ ಒಡೆಯರ ಒಪ್ಪಿಗೆ ಇರಬೇಕು, ನೆಲ ಅಗೆಯಬಾರದು, ಗೋಡೆಯ ಕಲ್ಲು ಸಡಿಲಿಸಬಾರದು ಎಂಬ ನಿಯಮಗಳು ಆಟದಲ್ಲೇ ಇವೆ. ಅಪಾಯ ಬೇರೆ ಕಡೆಯಿಂದ ಬರುತ್ತದೆ. 2011ರಲ್ಲಿ ಯಾರ್ಕ್‌ಷೈರಿನ ವೆದರ್ಬಿ ಪಟ್ಟಣದಲ್ಲಿ ಇಂಥದೇ ಡಬ್ಬಿಯನ್ನು ಬಾಂಬೆಂದು ಶಂಕಿಸಿ, ಬೀದಿ ಖಾಲಿ ಮಾಡಿಸಿ ಸ್ಫೋಟಿಸಲಾಯಿತು.

ಪ್ರಶ್ನೆ: ಇಂಥ ಆಟಗಳಲ್ಲಿ ನನ್ನ ಫೋನು ಒಮ್ಮೆ ಸರಿಯಾದ ಜಾಗ ತೋರಿಸುತ್ತದೆ, ಒಮ್ಮೆ ರಸ್ತೆಯ ಆಚೆಬದಿ ತೋರಿಸುತ್ತದೆ. ಫೋನ್ ಕೆಟ್ಟಿದೆಯೇ?
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ಕೆಟ್ಟಿರಲಾರದು. ಫೋನು ಸ್ಥಾನ ಲೆಕ್ಕ ಹಾಕಲು ಕನಿಷ್ಠ 4 ಉಪಗ್ರಹಗಳ ಸಂಕೇತ ಬೇಕು, ಅವು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ. ತೆರೆದ ಆಕಾಶದಡಿ 5 ಮೀಟರಿನ ಆಸುಪಾಸಿನಲ್ಲಿ ಫೋನು ನಿಖರವಾಗಿರುತ್ತದೆ. ಎತ್ತರದ ಕಟ್ಟಡ, ಮೆಟ್ರೋ ಮೇಲುಸೇತುವೆ ಅಥವಾ ಚರ್ಚಿನ ಗೋಪುರದ ಬುಡದಲ್ಲಿ ಸಂಕೇತ ಗೋಡೆಗೆ ಬಡಿದು ಬಳಸಿ ಬರುವುದರಿಂದ ಲೆಕ್ಕ ತಪ್ಪುತ್ತದೆ. ಗೋಡೆಯಿಂದ ದೂರ ಸರಿದು, ಒಂದೆರಡು ನಿಮಿಷ ಕಾದು, ಮತ್ತೆ ನೋಡಿ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಮಕ್ಕಳಿಗಾಗಿ ಬೆಂಗಳೂರಿನ ಹಳೆಯ ಚರ್ಚು ಅಥವಾ ದೇವಾಲಯದ ಸುತ್ತ ಇಂಥ ನಿಧಿಶೋಧ ಏರ್ಪಡಿಸಬೇಕೆಂದಿದ್ದೇವೆ. ಎಲ್ಲಿ, ಹೇಗೆ ಮಾಡಬಹುದು?
— ಸಮಾಜ ವಿಜ್ಞಾನ ಶಿಕ್ಷಕಿ, ಹೆಬ್ಬಾಳ

ಉತ್ತರ: ಮೇಡಂ, ನಾರ್ವಿಚ್‌ನಂಥ ಮಧ್ಯಯುಗದ ಚರ್ಚು ನಮ್ಮಲ್ಲಿ ಸಿಗದು. ಬ್ರಿಟಿಷರ ದಂಡು ಪ್ರದೇಶ ನೆಲೆಗೊಂಡದ್ದೇ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ. ಸೇಂಟ್ ಮಾರ್ಕ್ಸ್ ಚರ್ಚಿಗೆ 1808ರಲ್ಲಿ ಅಡಿಗಲ್ಲು ಹಾಕಿದರು, ಹೋಲಿ ಟ್ರಿನಿಟಿ ಕಟ್ಟಿದ್ದು 1851ರಲ್ಲಿ. ಇವೆಲ್ಲ ಪ್ರತಿ ಭಾನುವಾರ ಜನ ತುಂಬುವ ಜೀವಂತ ಚರ್ಚುಗಳು. ಬೆಂಗಳೂರಿನ ಮಧ್ಯಯುಗವನ್ನು ದೇವಾಲಯಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಶಾಸನಗಳಲ್ಲಿ, ವೀರಗಲ್ಲುಗಳಲ್ಲಿ ಹುಡುಕಬೇಕು. ‘ಬೆಂಗಳೂರ ಕಾಳಗ’ವನ್ನು ಹೆಸರಿಸುವ ಬೇಗೂರಿನ ಶಾಸನ ಸುಮಾರು ಕ್ರಿ.ಶ. 890ರದು. ಕಾಡು ಮಲ್ಲೇಶ್ವರ ದೇವಾಲಯಕ್ಕೆ ಶಿವಾಜಿಯ ಮಲಸಹೋದರ ಏಕೋಜಿ ದತ್ತಿ ಕೊಟ್ಟದ್ದನ್ನು ಹೇಳುವ ಶಾಸನ 1669ರದು. ನಿಮಗಂತೂ ಕಾಲ್ನಡಿಗೆಯ ದೂರದಲ್ಲೇ, 2018ರಲ್ಲಿ ಬೆಳಕಿಗೆ ಬಂದ ಹೆಬ್ಬಾಳದ ಕಿತ್ತಯ್ಯನೆಂಬ ವೀರನ ಕಲ್ಲಿದೆ. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು 750ರ ಆ ಕಲ್ಲನ್ನು ಬಿಟ್ಟು ದೂರ ಹೋಗಬೇಡಿ.

ಆದರೆ ಡಬ್ಬಿಯನ್ನು ದೇವಾಲಯದ ಆವರಣದಲ್ಲಾಗಲಿ ಶಾಸನದ ಬಳಿಯಾಗಲಿ ಖಂಡಿತ ಇಡಬೇಡಿ. ನಿಧಿಗಳ್ಳರು ರಾತ್ರೋರಾತ್ರಿ ನಂದಿ, ವೀರಗಲ್ಲುಗಳನ್ನು ಕಿತ್ತು ಬುಡ ಅಗೆದ ಸುದ್ದಿಯನ್ನು ನಾವು ಓದುತ್ತಲೇ ಇರುತ್ತೇವೆ. ಅಂಥ ನಾಡಿನಲ್ಲಿ ಕಲ್ಲಿನ ಸುತ್ತ ಮಕ್ಕಳು ನಿಧಿ ಹುಡುಕುತ್ತಿದ್ದಾರೆಂಬ ಮಾತು ಹಬ್ಬಿದರೆ ಕಲ್ಲಿಗೂ ಆಪತ್ತು, ಮಕ್ಕಳಿಗೂ ಬೈಗುಳ. ಕಲ್ಲಿನಿಂದ ಅಂಕಿಗಳನ್ನಷ್ಟೇ ತೆಗೆದುಕೊಂಡು, ಡಬ್ಬಿಯನ್ನು ನಿಮ್ಮ ಶಾಲೆಯ ಅಂಗಳದಲ್ಲೇ ಇಡಿ.

ಅಂಕಿ ತುಂಬಿಸುವಾಗ ಒಂದು ಲೆಕ್ಕ ನೆನಪಿರಲಿ. ಬೆಂಗಳೂರಿನ ಅಕ್ಷಾಂಶ ಸುಮಾರು 12 ಡಿಗ್ರಿ 58 ನಿಮಿಷ. ಒಂದು ನಿಮಿಷವೆಂದರೆ, ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗವೆಂದರೆ, ನೆಲದ ಮೇಲೆ ಸುಮಾರು 1,850 ಮೀಟರ್. ಆದ್ದರಿಂದ ನಿಮಿಷದ ದಶಾಂಶದಲ್ಲಿ ಮೂರನೇ ಅಂಕಿ ಒಂದರಷ್ಟು ತಪ್ಪಿದರೆ ಮಗು 2 ಮೀಟರಿಗಿಂತ ಕಡಿಮೆ ಸರಿಯುತ್ತದೆ, ಯಾರ ಗಮನಕ್ಕೂ ಬಾರದು; ಮೊದಲ ಅಂಕಿ ತಪ್ಪಿದರೆ 185 ಮೀಟರ್ ಆಚೆ, ಬಹುಶಃ ಬಳ್ಳಾರಿ ರಸ್ತೆಯ ವಾಹನಗಳ ನಡುವೆ ನಿಂತಿರುತ್ತದೆ. ಹಾಗಾಗಿ ಮೊದಲ ಅಂಕಿಯನ್ನು ನೀವೇ ಕೊಟ್ಟುಬಿಡಿ. ಎಣಿಕೆ ತಪ್ಪುವ ಸಂಭವವಿರುವ ಪ್ರಶ್ನೆಗಳನ್ನು ಕೊನೆಯ ಅಂಕಿಗೆ ಮೀಸಲಿಡಿ. ಎಲ್ಲ ಅಂಕಿಗಳ ಒಟ್ಟು ಮೊತ್ತವನ್ನೂ ಹಾಳೆಯ ಕೆಳಗೆ ಬರೆದುಕೊಟ್ಟರೆ ಮಕ್ಕಳು ಹೊರಡುವ ಮೊದಲೇ ತಾಳೆ ನೋಡಿಕೊಳ್ಳುತ್ತಾರೆ.

ಪ್ರಶ್ನೆಗಳು ಕಲ್ಲನ್ನು ಓದಿಸುವಂತಿರಲಿ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗಡೆ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ ಇರುತ್ತದೆ. ವೀರನ ಕೈಯಲ್ಲಿ ಎಷ್ಟು ಆಯುಧಗಳಿವೆ, ಅಪ್ಸರೆಯರು ಎಷ್ಟು ಜನ, ಶಾಸನದಲ್ಲಿ ಎಷ್ಟು ಸಾಲುಗಳಿವೆ ಎಂದು ಕೇಳಬಹುದು. ಉತ್ತರಗಳನ್ನು ಪುಸ್ತಕದಿಂದ ತೆಗೆಯದೆ ನೀವೇ ಹೋಗಿ ಎಣಿಸಿಕೊಂಡು ಬನ್ನಿ, ಏಕೆಂದರೆ ಸವೆದ ಕಲ್ಲಿನಲ್ಲಿ ಪುಸ್ತಕ ಹೇಳಿದ್ದೆಲ್ಲ ಕಣ್ಣಿಗೆ ಕಾಣುವುದಿಲ್ಲ.

ದೇವಾಲಯಕ್ಕೆ ಹೋಗುವುದಾದರೆ ಆಡಳಿತ ಮಂಡಳಿಯಿಂದ, ಮುಜರಾಯಿ ದೇವಾಲಯವಾದರೆ ಅಲ್ಲಿನ ಅಧಿಕಾರಿಯಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆದು, ಪೂಜೆಯ ವೇಳೆ ತಪ್ಪಿಸಿ ಹೋಗಿ. ಅಕ್ಷರ ಕಾಣಲಿಲ್ಲವೆಂದು ಮಕ್ಕಳು ಕಲ್ಲಿಗೆ ಸೀಮೆಸುಣ್ಣ ಉಜ್ಜದಂತೆ, ಎಣ್ಣೆ ಹಚ್ಚದಂತೆ ನೋಡಿಕೊಳ್ಳಿ. ತಂಡಕ್ಕೊಂದು ಟಾರ್ಚ್ ಕೊಟ್ಟು, ಬೆಳಕನ್ನು ಪಕ್ಕದಿಂದ ಓರೆಯಾಗಿ ಬೀರಲು ಹೇಳಿಕೊಡಿ. ಸವೆದ ಅಕ್ಷರಗಳೂ ನೆರಳು ಹಿಡಿದು ಎದ್ದು ಕಾಣುತ್ತವೆ.