ಧಾರವಾಡದ ಕೆಳಗೆ ಎಣ್ಣೆ ಇಲ್ಲ, ಆದರೆ ಬಾಂಬೆ ಹೈ ಕಥೆಯಲ್ಲಿ ಧಾರವಾಡ ಇದೆ

ನಿಮ್ಮದು ಒಂದೇ ಪ್ರಶ್ನೆ ಅನ್ನಿಸಿದರೂ ಒಳಗೆ ಮೂರಿವೆ. ಮುಂಡರಗಿ ಹತ್ತಿರ ನಿಮ್ಮ ಹೊಲದ ಬೋರ್ ನೀರು ತೊಟ್ಟಿಯಲ್ಲಿ ನಿಂತರೆ ಮೇಲೆ ಬಣ್ಣಬಣ್ಣದ ಪೊರೆ ಕಟ್ಟುತ್ತದೆ, ಕೆಳಗೆ ಎಣ್ಣೆ ಇರಬಹುದಾ? ಮುಂಬೈ ಮುಂದಿನ ಸಮುದ್ರದಲ್ಲಿರುವ ಎಣ್ಣೆ ಕ್ಷೇತ್ರ ಬಾಂಬೆ ಹೈನಲ್ಲಿ, ನೀರಿನ ಅಡಿ ಎಣ್ಣೆ ಇದೆ ಅಂತ ಹೇಗೆ ಪತ್ತೆ ಹಚ್ಚಿದರು? ಕಾರವಾರದ ಮುಂದೆ ಇರುವುದೂ ಅದೇ ಅರಬ್ಬಿ ಸಮುದ್ರ ತಾನೇ, ಇಲ್ಲಿ ಯಾಕೆ ಸಿಗಲಿಲ್ಲ? ನಾನು ಧಾರವಾಡದಲ್ಲಿ ಭೂವಿಜ್ಞಾನ ಓದಿ, ಕೆಲವು ವರ್ಷ ಮುಂಬೈ ಕಡೆಯ ಸಮುದ್ರದ ರಿಗ್‌ಗಳಲ್ಲಿ, ಅಂದರೆ ಎಣ್ಣೆ ಬಾವಿ ಕೊರೆಯುವ ಕಟ್ಟೆಗಳಲ್ಲಿ, ಮಡ್ ಲಾಗರ್ ಆಗಿದ್ದವನು. ಕೊರೆದಾಗ ಮೇಲೆ ಬರುವ ಕಲ್ಲು ಪರೀಕ್ಷಿಸುವ ಕೆಲಸ ಅದು. ಈಗ ಹುಬ್ಬಳ್ಳಿಯಲ್ಲೇ ಇದ್ದೇನೆ.

ಮೊದಲು ತೊಟ್ಟಿ ನೋಡೋಣ. ಒಂದು ಕಡ್ಡಿ ತಗೊಂಡು ಆ ಪೊರೆಯನ್ನು ಮೆಲ್ಲಗೆ ಕದಡಿ. ಗಾಜು ಒಡೆದ ಹಾಗೆ ಚೂರುಚೂರಾಗಿ, ಆ ಚೂರುಗಳು ಹಾಗೇ ತೇಲಿದರೆ ಅದು ಕಬ್ಬಿಣದ ಪೊರೆ. ನೀರಿನಲ್ಲಿರುವ ಕಬ್ಬಿಣದಿಂದ, ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾದಿಂದ ಆಗುವಂಥದ್ದು. ಕದಡಿದ ಮೇಲೆ ಮತ್ತೆ ಬಂದು ಕೂಡಿಕೊಂಡರೆ ಅದು ಎಣ್ಣೆ. ಹಾಗಾದರೆ ಖುಷಿಪಡಬೇಡಿ, ಮೋಟಾರು ಎತ್ತಿಸಿ. ಸಬ್‌ಮರ್ಸಿಬಲ್ ಪಂಪಿನ ಸೀಲ್ ಹೋಗಿ ಅದರ ಎಣ್ಣೆ ಸೋರುತ್ತಿರಬಹುದು. ನಿಮ್ಮ ಕಡೆಯ ಕಲ್ಲಿನಲ್ಲಿ ಕಬ್ಬಿಣ ಜಾಸ್ತಿ, ಹಾಗಾಗಿ ನನ್ನ ಊಹೆ ಮೊದಲನೆಯದು.

ಇಷ್ಟು ಖಚಿತವಾಗಿ ಹೇಗೆ ಹೇಳ್ತೀರಿ ಅಂತ ಕೇಳಬಹುದು. ಗದಗ, ಮುಂಡರಗಿ, ಶಿರಹಟ್ಟಿ ಸುತ್ತ ಇರುವುದು 250 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು. ಚಿನ್ನ, ಕಬ್ಬಿಣ ಎಲ್ಲ ಅದರಲ್ಲಿದೆ. ರಾಣೇಬೆನ್ನೂರು ಕಡೆ ಸಿಗುವ ಗ್ರೇವ್ಯಾಕ್ ಅನ್ನುವ ಬೂದು ಕಲ್ಲು ಒಂದು ಕಾಲದ ಸಮುದ್ರದ ತಳದ ಕೆಸರೇ. ಆದರೆ ಅದು ಕೂತಾಗ ಭೂಮಿ ಮೇಲೆ ಸೂಕ್ಷ್ಮಜೀವಿಗಳನ್ನು ಬಿಟ್ಟರೆ ಬೇರೆ ಜೀವವೇ ಇರಲಿಲ್ಲ. ಇದ್ದಬದ್ದ ಜೀವದ ಅಂಶವೂ ಆಮೇಲೆ ಕಾವಿಗೆ, ಒತ್ತಡಕ್ಕೆ ಸಿಕ್ಕಿ ಸುಟ್ಟುಹೋಯಿತು. ಎಣ್ಣೆ ಆಗಲು ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಕಾವು ಸಾಕು. ಅದನ್ನು ಬಹಳ ಮೀರಿದರೆ ಎಣ್ಣೆ ಉಳಿಯುವುದಿಲ್ಲ. ನಮ್ಮ ಕಲ್ಲು ಆ ಗಡಿಯನ್ನು ಎಂದೋ ದಾಟಿದೆ.

ಈಗ ಬಾಂಬೆ ಹೈ. ಇಂದಿನ ಹೆಸರು ಮುಂಬೈ ಹೈ, ಆದರೆ ರಿಗ್ ಮೇಲೆ ಯಾರ ಬಾಯಲ್ಲೂ ಆ ಹೆಸರು ಕೇಳಲಿಲ್ಲ. ಕಥೆ ಸಮುದ್ರದಲ್ಲಿ ಶುರುವಾಗುವುದಿಲ್ಲ, ಗುಜರಾತಿನ ಹೊಲಗಳಲ್ಲಿ ಶುರುವಾಗುತ್ತದೆ. 1956ರಲ್ಲಿ ಎಣ್ಣೆ, ಗ್ಯಾಸ್ ಹುಡುಕುವ ಸರ್ಕಾರಿ ಸಂಸ್ಥೆ ಓಎನ್‌ಜಿಸಿ ಆಯೋಗವಾಯಿತು. ಹಿಂದೆ ನಿಂತು ಮಾಡಿಸಿದವರು ಆಗಿನ ಕೇಂದ್ರ ಸಚಿವ ಕೇಶವ ದೇವ ಮಾಳವೀಯ, ಜೊತೆಗೆ ಸೋವಿಯತ್ ತಜ್ಞರು. 1958ರಲ್ಲಿ ಖಂಭಾತ್‌ನಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ ಎಣ್ಣೆ ಸಿಕ್ಕಿತು. ನೆಲದ ಮೇಲಿನ ಆ ಪದರಗಳು ದಡಕ್ಕೆ ಬಂದು ನಿಲ್ಲುತ್ತವಾ? ಇಲ್ಲ, ನೀರಿನ ಕೆಳಗೂ ಮುಂದುವರಿಯುತ್ತವೆ. ಹಾಗಾಗಿ 1960ರ ದಶಕದ ನಡುವೆ ಸೋವಿಯತ್ ಸಮೀಕ್ಷಾ ಹಡಗು ಅಕಾಡೆಮಿಕ್ ಅರ್ಖಾಂಗೆಲ್‌ಸ್ಕಿ ಬಂತು. ನೀರಿನಲ್ಲಿ ಶಬ್ದ ಎಬ್ಬಿಸುವುದು, ತಳದ ಕೆಳಗಿನ ಪದರಗಳಿಂದ ವಾಪಸ್ ಬರುವ ಸದ್ದನ್ನು ಹಿಡಿಯುವುದು, ಅದರಿಂದ ಪದರಗಳ ಏರಿಳಿತ ಬರೆಯುವುದು. ಮುಂಬೈನಿಂದ ಸುಮಾರು 160 ಕಿ.ಮೀ. ದೂರದಲ್ಲಿ ಒಂದು ದೊಡ್ಡ ಉಬ್ಬು ಕಾಣಿಸಿತು. ಹೈ ಅಂದರೆ ಆ ಉಬ್ಬೇ.

ಉಬ್ಬು ಕಂಡ ಮಾತ್ರಕ್ಕೆ ಎಣ್ಣೆ ಬರುವುದಿಲ್ಲ, ಕೊರೆಯಬೇಕು. ಸಮುದ್ರದಲ್ಲಿ ಕೊರೆದು ನಮಗೆ ಅಭ್ಯಾಸವಿರಲಿಲ್ಲ. 1970ರಲ್ಲಿ ಖಂಭಾತ್ ಕೊಲ್ಲಿಯ ಅಲಿಯಾಬೆಟ್ ಬಳಿ ಮೊದಲ ಪ್ರಯತ್ನ ಆಯಿತು. ಅದು ದಡದ ಪಕ್ಕದ ತೆಳು ನೀರು. ಬಾಂಬೆ ಹೈ ಹಾಗಲ್ಲ, ಅಲ್ಲಿ ಸುಮಾರು 75 ಮೀಟರ್ ನೀರು. ಅದಕ್ಕೆಂದೇ ಜಪಾನಿನಲ್ಲಿ ಮಿತ್ಸುಬಿಷಿಯವರಿಂದ ‘ಸಾಗರ್ ಸಮ್ರಾಟ್’ ರಿಗ್ ಕಟ್ಟಿಸಿದರು. ಇದು ಜಾಕ್-ಅಪ್ ಜಾತಿಯದ್ದು. ತೇಲಿಕೊಂಡು ಬರುತ್ತದೆ, ಜಾಗಕ್ಕೆ ಬಂದ ಮೇಲೆ ಕಾಲುಗಳನ್ನು ತಳಕ್ಕೆ ಇಳಿಸಿ, ಮೈಯನ್ನು ಅಲೆಗಿಂತ ಮೇಲಕ್ಕೆ ಎತ್ತಿ ನಿಲ್ಲುತ್ತದೆ. ನೋಡಬೇಕು ಅಂತಿದ್ದರೆ 2015ರ ನಂತರ ಬಂದ ಒಂದು ರೂಪಾಯಿ ನೋಟಿನ ಹಿಂಬದಿ ನೋಡಿ. ಮದುವೆಯಲ್ಲಿ 501 ರೂಪಾಯಿ ಆಹೇರಿ ಮಾಡುವಾಗ ಮೇಲೆ ಇಡ್ತೀವಲ್ಲ, ಆ ನೋಟಿನಲ್ಲಿ ಇರುವುದು ಇದೇ ರಿಗ್.

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿ, ಕೆಲವೇ ತಿಂಗಳಲ್ಲಿ ಬೆಲೆ ನಾಲ್ಕು ಪಟ್ಟಾಯಿತು. 1974ರ ಫೆಬ್ರವರಿಯಲ್ಲಿ ಇಲ್ಲಿ ಮೊದಲ ಬಾವಿಯಲ್ಲೇ ಎಣ್ಣೆ ಬಂತು. ಇಂಥ ಹೊಂದಿಕೆ ಕೇಳಿ ಮಾಡಿಸಿದರೂ ಆಗುವುದಿಲ್ಲ. 1976ರ ಮೇ ತಿಂಗಳಲ್ಲಿ ಉತ್ಪಾದನೆ ಶುರು. ಮೊದಲು ಹಡಗಿನಲ್ಲಿ ಸಾಗಿಸುತ್ತಿದ್ದರು, ಆಮೇಲೆ ಮುಂಬೈ ಬಳಿಯ ಉರಣಕ್ಕೆ ಪೈಪ್‌ಲೈನ್ ಬಂತು. ಅದೇ 1976ರಲ್ಲಿ ಪಕ್ಕದ ಬಸ್ಸೈನ್‌ನಲ್ಲಿ ದೊಡ್ಡ ಗ್ಯಾಸ್ ನಿಕ್ಷೇಪವೂ ಸಿಕ್ಕಿತು. ಸುಖದ ಕಥೆ ಮಾತ್ರ ಅಂದುಕೊಳ್ಳಬೇಡಿ. 2005ರ ಜುಲೈ 27ರಂದು ಒಂದು ಹಡಗು ಪ್ಲಾಟ್‌ಫಾರ್ಮ್‌ನ ಗ್ಯಾಸ್ ಪೈಪಿಗೆ ಬಡಿದು ಬೆಂಕಿ ಹೊತ್ತಿ, 22 ಜನ ಸತ್ತರು. 2021ರ ಮೇನಲ್ಲಿ ತೌಕ್ತೆ ಚಂಡಮಾರುತಕ್ಕೆ ಕೆಲಸಗಾರರು ಉಳಿದುಕೊಂಡಿದ್ದ ಪಿ-305 ಬಾರ್ಜ್ (ಚಪ್ಪಟೆ ತಳದ ದೋಣಿ) ಮುಳುಗಿದಾಗ ಸತ್ತವರು ಇನ್ನೂ ಹೆಚ್ಚು. ಜುಹುನಿಂದ ಹೆಲಿಕಾಪ್ಟರ್ ಹತ್ತುವ ಮೊದಲು, ಅದು ನೀರಿಗೆ ಬಿದ್ದರೆ ಹೇಗೆ ಹೊರಗೆ ಬರಬೇಕು ಅಂತ ತಲೆಕೆಳಗಾಗಿ ಮುಳುಗಿಸಿ ಕಲಿಸುತ್ತಾರೆ. ಸುಮ್ನೆ ಅಲ್ಲ.

ಮಡ್ ಲಾಗರ್ ಏನು ಮಾಡ್ತಾನೆ ಅಂತ ಯಾರೂ ಕೇಳುವುದಿಲ್ಲ, ನಾನೇ ಹೇಳ್ತೀನಿ. ಬಾವಿಯೊಳಗೆ ಮಡ್ ಅನ್ನುವ ಕೆಸರಿನಂಥ ದ್ರವ ಬಿಡುತ್ತಿರುತ್ತಾರೆ. ಕೊರೆಯುವ ಮೂತಿ, ಅಂದರೆ ಬಿಟ್, ಪುಡಿ ಮಾಡಿದ ಕಲ್ಲನ್ನು ಅದು ಹೊತ್ತುಕೊಂಡು ಮೇಲೆ ಬರುತ್ತದೆ. ಅದರುವ ಜರಡಿಯ ಮೇಲೆ ಆ ಕಲ್ಲಿನ ಹರಳು ಬೇರೆಯಾಗುತ್ತದೆ. ಹೊಗೆ, ಗದ್ದಲ, ಡೀಸೆಲ್ ವಾಸನೆ ನಡುವೆ ಒಂದು ಹಿಡಿ ಎತ್ತಿಕೊಂಡು, ತೊಳೆದು, ತಟ್ಟೆಯಲ್ಲಿ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಂದು ಹನಿ ಆಸಿಡ್ ಹಾಕಿದರೆ ಬುರುಬುರು ನೊರೆ ಬಂದರೆ ಸುಣ್ಣದಕಲ್ಲು. ಆಮೇಲೆ ತಟ್ಟೆಯನ್ನು ನೇರಳಾತೀತ ದೀಪದ ಪೆಟ್ಟಿಗೆಯೊಳಗೆ ಇಡುತ್ತೇವೆ. ಎಣ್ಣೆ ಇದ್ದರೆ ಹರಳುಗಳು ಹಳದಿಯಾಗಿ ಹೊಳೆಯುತ್ತವೆ. ಆದರೆ ಕೊರೆಯುವ ಪೈಪಿಗೆ ಹಚ್ಚಿದ ಗ್ರೀಸೂ ಹೊಳೆಯುತ್ತದೆ, ಕೆಲವು ಖನಿಜಗಳೂ ಹೊಳೆಯುತ್ತವೆ. ಹಾಗಾಗಿ ಹೊಳೆದ ತಕ್ಷಣ ಯಾರೂ ಕುಣಿಯುವುದಿಲ್ಲ.

ಬಾಂಬೆ ಹೈನ ಮುಖ್ಯ ಎಣ್ಣೆ ಪದರ ಇರುವುದು ಸುಮಾರು 1,300ರಿಂದ 1,400 ಮೀಟರ್ ಆಳದಲ್ಲಿ. ಅದು ಎಲ್-3 ಅನ್ನುವ ಸುಣ್ಣದಕಲ್ಲು, ಸರಿಸುಮಾರು ಎರಡು ಕೋಟಿ ವರ್ಷ ಹಳೆಯದು. ಎಣ್ಣೆ ಹುಟ್ಟಿದ್ದು ಅಲ್ಲಲ್ಲ. ಸುತ್ತಲಿನ ತಗ್ಗುಗಳಲ್ಲಿ ಇನ್ನೂ ಹಳೆಯ ಕಪ್ಪು ಜೇಡಿಪದರ ಆಳಕ್ಕೆ ಕುಸಿದು, ಕಾವು ಹೆಚ್ಚಿ, ಎಣ್ಣೆ ಬಿಟ್ಟಿತು. ಅದು ಮೆಲ್ಲಗೆ ಉಬ್ಬಿನ ಕಡೆ ಏರಿ ಸುಣ್ಣದಕಲ್ಲಿನ ರಂಧ್ರಗಳಲ್ಲಿ ಕೂತಿತು. ಮೇಲೆ ಜೇಡಿಯ ಮುಚ್ಚಳ ಬಿದ್ದಿತ್ತು, ಹಾಗಾಗಿ ಸೋರಿಹೋಗಲಿಲ್ಲ. ಹುಟ್ಟುವ ಕಲ್ಲು, ಕೂರುವ ಕಲ್ಲು, ಉಬ್ಬು, ಮುಚ್ಚಳ. ನಾಲ್ಕೂ ಬೇಕು, ಅದೂ ಸರಿಯಾದ ಕ್ರಮದಲ್ಲಿ.

ಆ ತಗ್ಗು, ಆ ಉಬ್ಬು ಅಲ್ಲಿ ಬಂದಿದ್ದು ಹೇಗೆ? ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಭಾಗ ಇದು. ಭೂಪಟ ತೆಗೆದು ಕಪ್ಪತಗುಡ್ಡದ ಸಾಲು ನೋಡಿ. ಗದಗದ ಹತ್ತಿರದಿಂದ ತುಂಗಭದ್ರೆಯ ಕಡೆಗೆ, ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಓರೆಯಾಗಿ ಹೋಗುತ್ತದೆ. ನಮ್ಮ ಭಾಗದ ಹಳೆಯ ಕಲ್ಲುಗಳ ಎಳೆಯೆಲ್ಲ ಇದೇ ದಿಕ್ಕಿಗೆ. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಕಲ್ಲುಗಳಿಗೆ ಧಾರವಾಡದ ಹೆಸರು ಇಟ್ಟರು. ಕೋಟ್ಯಂತರ ವರ್ಷ ಕಳೆದು ಭಾರತದ ಪಶ್ಚಿಮ ಅಂಚು ಮಡಗಾಸ್ಕರ್, ಸೇಶೆಲ್ಸ್‌ಗಳಿಂದ ಬಿಟ್ಟು ಬೇರೆಯಾಗುವಾಗ, ಕಟ್ಟಿಗೆ ಎಳೆ ಇದ್ದ ಕಡೆಗೇ ಸೀಳುವ ಹಾಗೆ, ನೆಲ ಈ ಹಳೆಯ ದಿಕ್ಕು ಹಿಡಿದೇ ಬಿರುಕು ಬಿಟ್ಟಿತು. ಖಂಭಾತ್ ಕಂದಕ, ಮುಂಬೈ ಮುಂದಿನ ತಗ್ಗು-ದಿಬ್ಬಗಳು ಮುಖ್ಯವಾಗಿ ಆ ದಿಕ್ಕಿನವು. ಅದಕ್ಕೆ ಭೂವಿಜ್ಞಾನದವರು ಇಂದಿಗೂ ‘ಧಾರವಾಡ ಟ್ರೆಂಡ್’ ಅಂತಾರೆ. ಅರಾವಳಿ ದಿಕ್ಕು, ಸಾತ್ಪುರ ದಿಕ್ಕು ಅಂತ ಇನ್ನೆರಡಿವೆ, ಅವು ಇದನ್ನು ಅಡ್ಡ ಕತ್ತರಿಸುತ್ತವೆ.

ಹಾಗಾದರೆ ಕಾರವಾರ? ಗೋವಾದಿಂದ ಕೆಳಗೆ ಇರುವುದು ಕೇರಳ-ಕೊಂಕಣ ಜಲಾನಯನ. ಇಲ್ಲಿ ಜಲಾನಯನ ಅಂದರೆ ಹೂಳು ಪದರಪದರವಾಗಿ ತುಂಬಿದ ದೊಡ್ಡ ತಗ್ಗು. ಇಲ್ಲೂ 1970ರ ದಶಕದಿಂದ ಕೊರೆದು ನೋಡಿದ್ದಾರೆ. ವ್ಯಾಪಾರಕ್ಕೆ ಗಿಟ್ಟುವಷ್ಟು ಸಿಕ್ಕಿಲ್ಲ. ಒಂದು ತೊಂದರೆ, ಬೆಸಾಲ್ಟ್ ಲಾವಾ ಹಾಸು ಇದ್ದಲ್ಲೆಲ್ಲ ಶಬ್ದದ ಸಮೀಕ್ಷೆಗೆ ಅದರ ಅಡಿ ಏನಿದೆ ಅಂತ ಸರಿಯಾಗಿ ಕಾಣುವುದಿಲ್ಲ. ಇನ್ನೊಂದು, ಹೂಳು. ಅದು ದಪ್ಪವಾಗಿ ಬಿದ್ದರೇ ಅಡಿಯ ಪದರ ಆಳಕ್ಕೆ ಹೋಗಿ ಕಾಯುವುದು. ನರ್ಮದೆ, ತಾಪಿ ಖಂಭಾತ್ ಕಡೆ ರಾಶಿ ಕೆಸರು ತಂದು ಸುರಿದವು. ನಮ್ಮ ಘಟ್ಟದ ನದಿಗಳು ಗಿಡ್ಡ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯಾಗಿ, ಗಂಗಾವಳಿಯಾಗಿ ಅಂಕೋಲಾ ಬಳಿ ಸಮುದ್ರ ಸೇರುತ್ತದೆ, ನಿಜ. ಆದರೆ ಮಲಪ್ರಭೆ, ವರದಾ, ತುಂಗಭದ್ರೆ ಎಲ್ಲ ಬೆನ್ನು ತಿರುಗಿಸಿ ಪೂರ್ವಕ್ಕೆ ಹೋಗಿ ಕೃಷ್ಣೆ ಸೇರಿದವು. ನಮ್ಮ ಮಣ್ಣು ಲಕ್ಷಾಂತರ ವರ್ಷ ಹೋಗಿ ಬಿದ್ದದ್ದು ಆಂಧ್ರದ ಕರಾವಳಿಯಲ್ಲಿ. ಅಲ್ಲಿ ಕೃಷ್ಣಾ-ಗೋದಾವರಿ ಜಲಾನಯನದಲ್ಲಿ 2002ರಲ್ಲಿ ರಿಲಯನ್ಸ್‌ಗೆ ದೊಡ್ಡ ಗ್ಯಾಸ್ ಸಿಕ್ಕಿತು. 2009ರಲ್ಲಿ ಉತ್ಪಾದನೆ ಶುರುವಾಗಿ, ಮರುವರ್ಷ ದಿನಕ್ಕೆ 6 ಕೋಟಿ ಘನಮೀಟರ್ ಆಸುಪಾಸಿಗೆ ಏರಿ, ಆಮೇಲೆ ನಿರೀಕ್ಷೆಗಿಂತ ಬೇಗ ಕುಸಿಯಿತು. ಓಎನ್‌ಜಿಸಿಯ ಆಳ ಸಮುದ್ರದ ಬಾವಿಯಿಂದ ಅಲ್ಲಿ 2024ರ ಜನವರಿಯಲ್ಲಿ ಎಣ್ಣೆ ಬಂತು.

ಬಾದಾಮಿ, ಬಾಗಲಕೋಟೆ ಕಡೆಯ ಕಲಾದಗಿ ಮರಳುಗಲ್ಲು, ಸುಣ್ಣದಕಲ್ಲಿನ ಪ್ರದೇಶವನ್ನೂ ಸರ್ಕಾರದ ಜಲಾನಯನ ಪಟ್ಟಿಯಲ್ಲಿ ಭೀಮಾ ಜೊತೆ ಸೇರಿಸಿದ್ದಾರೆ. ಅದು ನಮ್ಮ ಗದಗ ಕಲ್ಲಿಗಿಂತ ಕಿರಿಯದು, ಆದರೂ ಬಹಳ ಹಳೆಯದೇ. ನಾನಂತೂ ಅಲ್ಲಿ ಎಣ್ಣೆಗಾಗಿ ದುಡ್ಡು ಹಾಕುವುದಿಲ್ಲ.

ಇನ್ನು ಧಾರವಾಡದ ಕೆಲವು ಬಡಾವಣೆಗಳಿಗೆ ಬಂದಿರುವ ಪೈಪ್ ಗ್ಯಾಸ್ ಬಾಂಬೆ ಹೈನದ್ದೇ ಅಂತ ಕೆಲವರು ಅಂದುಕೊಂಡಿದ್ದಾರೆ. ಈ ಕಡೆ ಬರುವುದು ಮಹಾರಾಷ್ಟ್ರ ಕರಾವಳಿಯಿಂದ ಹೊರಡುವ ದಾಭೋಳ-ಬೆಂಗಳೂರು ಪೈಪ್‌ಲೈನ್, 2013ರಲ್ಲಿ ಶುರುವಾದದ್ದು. ದೇಶದಲ್ಲಿ ಬಳಸುವ ಗ್ಯಾಸ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಕತಾರ್ ಮುಂತಾದ ಕಡೆಯಿಂದ ದ್ರವವಾಗಿ ಹಡಗಿನಲ್ಲಿ ಬರುವಂಥದ್ದು. ಎಲ್ಲ ಸೇರಿ ಅದೇ ಪೈಪಿನಲ್ಲಿ ಹರಿಯುವಾಗ ನಿಮ್ಮ ಒಲೆಯದ್ದು ಯಾವ ಬಾವಿಯದ್ದು ಅಂತ ಗುರುತು ಹಿಡಿಯೋಕೆ ಆಗುವುದಿಲ್ಲ.