‘ಕೊಳೆ’ ಅಂದರೆ ಏನು ಸಾರ್?

ಪ್ರಶ್ನೆ: ಶಿವಮೊಗ್ಗದಲ್ಲಿ ಹೊರರಾಜ್ಯದಿಂದ ಬಂದ ಬ್ಯಾಂಕ್ ನೌಕರರಿಗೆ ಸಂಜೆ ಹೊತ್ತು ಕನ್ನಡ ಕಲಿಸುತ್ತೇನೆ. ಶುರುವಿಗೆ 14 ಜನ ಇದ್ದರು. ವರ್ಣಮಾಲೆ, ಒತ್ತಕ್ಷರ ಮುಗಿಯುವ ಹೊತ್ತಿಗೆ 6 ಜನ ಉಳಿದರು. ಏನು ಕಲಿಯಬೇಕು ಅಂತ ಅವರನ್ನೇ ಕೇಳಿ ಎಂದು ಸ್ನೇಹಿತರು ಹೇಳಿದರು. ಕೇಳಿದೆ. ‘ಏನು ಕಲಿಸಿದರೂ ಸರಿ ಸಾರ್’ ಅಂದರು! ಪಾಠ ಏನಿರಬೇಕು ಅನ್ನೋದು ಮೇಷ್ಟ್ರಿಗೇ ಬಿಟ್ಟದ್ದಲ್ವಾ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದು ಸರಿ. ನೀವು ಕೇಳಿದ ಪ್ರಶ್ನೆ ಸ್ವಲ್ಪ ದೊಡ್ಡದಾಯಿತು ಅಷ್ಟೇ. ಕನ್ನಡವೇ ಬಾರದವರಿಗೆ ಅದರಲ್ಲಿ ಏನೇನು ಕಲಿಯೋದಿದೆ ಅಂತ ಹೇಗೆ ಗೊತ್ತಾಗಬೇಕು? ‘ಈ ವಾರ ಕೌಂಟರಿನಲ್ಲಿ ಎಲ್ಲಿ ಬಾಯಿ ಕಟ್ಟಿತು?’ ಅಂತ ಕೇಳಿ ನೋಡಿ. ಒಬ್ಬೊಬ್ಬರೂ ಎರಡು ಸಂದರ್ಭ ಚೀಟಿಯಲ್ಲಿ ಬರೆದು ತರಲಿ. ಹಿಂದಿಯಲ್ಲಿ ಬರೆದರೂ ಪರವಾಗಿಲ್ಲ.

ನನ್ನ ತರಗತಿಗೆ ಬಂದ ಒಂದು ಚೀಟಿ ಹೇಳುತ್ತೇನೆ. ತೀರ್ಥಹಳ್ಳಿ ಕಡೆಯ ರೈತರೊಬ್ಬರು ‘ತೋಟಕ್ಕೆ ಕೊಳೆ ಬಂದಿದೆ, ಈ ಸಲ ಕಂತು ಕಟ್ಟೋಕಾಗಲ್ಲ’ ಅಂದಿದ್ದರು. ನಮ್ಮ ಹುಡುಗ ಫೋನಿನಲ್ಲಿ ‘ಕೊಳೆ’ ಹುಡುಕಿದ. ಗಲೀಜು ಅಂತ ಬಂತು. ತೋಟ ಗಲೀಜಾದರೆ ಗುಡಿಸಬಹುದಲ್ಲ, ಸಾಲಕ್ಕೂ ಅದಕ್ಕೂ ಏನು ಸಂಬಂಧ? ಅವನಿಗೆ ತಲೆಬುಡ ತಿಳಿಯಲಿಲ್ಲ. ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ರೋಗ ಅದು, ಮೈಲುತುತ್ತ, ಸುಣ್ಣ ಕಲಸಿ ಔಷಧಿ ಹೊಡೀತಾರೆ ಅಂತ ಹೇಳುವಷ್ಟರಲ್ಲಿ ಒಂದು ಗಂಟೆ ಕಳೆಯಿತು. ಬಂದಿದೆ, ಉದುರಿದೆ, ಹೊಡೆದಿದ್ದೇವೆ. ಈ ಕ್ರಿಯಾಪದಗಳೂ ಅದರ ಜೊತೆಗೇ ಬಂದವು. ಮುಂದಿನ ವಾರ ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆಯ ದರ್ಜೆಗಳ ಹೆಸರಿವೆಯಲ್ಲ, ಅವು ಅಂದರೇನು ಅಂತ ಅವರೇ ಕೇಳಿದರು. ಇನ್ನೊಂದು ಚೀಟಿಯಲ್ಲಿ ಹೀಗಿತ್ತು: ‘ಗ್ರಾಹಕರು ಬರ್ತೀನಿ ಅಂತ ಹೇಳಿ ಹೋದರು. ಊಟಕ್ಕೂ ಏಳದೆ ಕಾದೆ. ಬರಲೇ ಇಲ್ಲ.’

ಚೀಟಿಗಳನ್ನು ಮೇಜಿನ ಮೇಲೆ ಹರಡಿ. ಮುಂದಿನ ಎರಡು ವಾರಕ್ಕೆ ಯಾವುದು ಮೊದಲು ಅಂತ ಅವರೇ ಆರಿಸಲಿ. ಆರಿಸಿದ್ದನ್ನು ಕಲಿಸಲೇಬೇಕು. ಎಲ್ಲ ಕೇಳಿಸಿಕೊಂಡು, ತಲೆಯಾಡಿಸಿ, ಆಮೇಲೆ ಸುಮ್ನೆ ಹಳೇ ನೋಟ್ಸ್ ತೆಗೆಯುವ ಚಾಳಿ ನಮ್ಮವರಿಗೆ ಜಾಸ್ತಿ. ನನಗೂ ಇತ್ತು.

ಇದು ಹೊಸ ವಿಚಾರವೂ ಅಲ್ಲ. ಪಾಠ ಯಾವುದು, ಹೇಗೆ, ಕಲಿತದ್ದನ್ನು ಅಳೆಯೋದು ಹೇಗೆ ಅನ್ನೋದನ್ನು ಮೇಷ್ಟ್ರು, ವಿದ್ಯಾರ್ಥಿಗಳು ಕೂಡಿ ತೀರ್ಮಾನಿಸಬೇಕು ಅಂತ ಭಾಷೆ ಕಲಿಸುವ ಬಗೆಯನ್ನು ಅಧ್ಯಯನ ಮಾಡಿದ ಮೈಕೆಲ್ ಬ್ರೀನ್ 1984ರಲ್ಲೇ ಬರೆದಿದ್ದರು. ಪರೀಕ್ಷೆಗೆ ಕಟ್ಟಿಬಿದ್ದ ತರಗತಿಯಲ್ಲಿ ಇಷ್ಟೆಲ್ಲ ಸಾಧ್ಯವಿಲ್ಲ. ಅಲ್ಲಿ ಯಾವುದು ಮೊದಲು, ಯಾವುದಕ್ಕೆ ಎಷ್ಟು ಹೊತ್ತು ಅಂತ ಮಾತ್ರ ಕೇಳಬಹುದು. ನಿಮಗೆ ಆ ತೊಡಕು ಇಲ್ಲ.

ಆದರೆ ಅವರಾಗಿಯೇ ಎಂದೂ ಕೇಳದ ವಿಷಯಗಳಿರುತ್ತವೆ. ತಪ್ಪು ಆಗಿದೆ ಅಂತ ಗೊತ್ತಾದರೆ ತಾನೇ ಚೀಟಿ ಬರೆಯೋದು? ಎಪ್ಪತ್ತು ವರ್ಷದ ಅಜ್ಜಿಗೆ ‘ಇಲ್ಲಿ ಸಹಿ ಹಾಕು’ ಅಂದವನಿಗೆ ತಾನು ಏನು ಅಂದೆ ಅನ್ನೋದೇ ತಿಳಿಯಲ್ಲ. ಹಾಕು, ಹಾಕಿ, ಬಾ, ಬನ್ನಿ. ಇಂಥದ್ದಕ್ಕೆ ವಾರಕ್ಕೊಂದು ತರಗತಿ ನಿಮ್ಮ ಕೈಯಲ್ಲೇ ಇರಲಿ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಒತ್ತಕ್ಷರ ಕೈಬಿಡಬೇಡಿ, ಮುಂದಕ್ಕೆ ಹಾಕಿ. ಪಹಣಿಯಲ್ಲಿ ಹೆಸರು ಓದಬೇಕಾದ ದಿನ ಅವರೇ ಕೇಳುತ್ತಾರೆ. ಸದ್ಯಕ್ಕೆ ಬಿಟ್ಟುಹೋದ ಆ 8 ಜನಕ್ಕೆ ಫೋನ್ ಮಾಡಿ. ಯಾಕೆ ಬಿಟ್ಟಿರಿ ಅಂತ ಕೇಳಲು ಹೋಗಬೇಡಿ. ಒಂದೊಂದು ಚೀಟಿ ಕಳಿಸಿ ಅನ್ನಿ.