ಹೊಗೆ ಇಲ್ಲದ ಬೆಂಕಿ: ಕಾಲು ಬೆಚ್ಚಗಾಗುತ್ತದೆಯೇ, ರೊಟ್ಟಿ ಬೇಯುತ್ತದೆಯೇ?

ಮೂವತ್ತು ವರ್ಷದಿಂದ ಒಲೆಗಳ ಜೊತೆಗೇ ಕೆಲಸ ಮಾಡಿದವನು ನಾನು. ಹೋದ ಚಳಿಗಾಲದಿಂದ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ‘ಸ್ಮೋಕ್‌ಲೆಸ್ ಫೈರ್ ಪಿಟ್’, ಅಂದರೆ ಹೊಗೆ ತೀರ ಕಮ್ಮಿ ಬರುವಂತೆ ಮಾಡಿದ, ಸೌದೆ ಉರಿಸುವ ಉಕ್ಕಿನ ಅಗ್ಗಿಷ್ಟಿಕೆಯ ಬಗ್ಗೆಯೇ ಇವೆ. ಊರಿನಿಂದಲೂ ಬರುತ್ತವೆ, ಅಮೆರಿಕದಿಂದಲೂ ಬರುತ್ತವೆ. ಪ್ರಶ್ನೆಗಳು ಮಾತ್ರ ಅವವೇ. ಒಂದು ಸಲ ಎಲ್ಲಕ್ಕೂ ಉತ್ತರ ಕೊಟ್ಟುಬಿಡುತ್ತೇನೆ. ಜೀವದ ವಿಷಯ ಇರುವ ಪ್ರಶ್ನೆ ಮೊದಲಿಗೆ.

ಪ್ರಶ್ನೆ: ಹೊಗೆ ಬರುವುದಿಲ್ಲ ಅಂದಮೇಲೆ ಟೆಂಟ್ ಒಳಗೆ ಅಥವಾ ರೂಮಿನಲ್ಲಿ ಇಟ್ಟುಕೊಂಡು ಮಲಗಬಹುದಲ್ವಾ? ಕಿಟಕಿ ಸ್ವಲ್ಪ ತೆರೆದಿರುತ್ತೇವೆ.

ಬೇಡ. ಕಿಟಕಿ ತೆರೆದಿದ್ದರೂ ಬೇಡ. ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಅನಿಲ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆಯಾದರೆ ಕಣ್ಣು ಉರಿಸಿ, ಕೆಮ್ಮಿಸಿ ನಿಮ್ಮನ್ನು ಹೊರಗೆ ಓಡಿಸುತ್ತದೆ. ಇದು ತಲೆ ಭಾರ ಮಾಡಿ ನಿದ್ದೆಗೆ ತಳ್ಳುತ್ತದೆ, ಅಷ್ಟೇ. ಉರಿ ಆರಿ ಬರೀ ಕೆಂಡ ಉಳಿದಾಗ ಇನ್ನೂ ಅಪಾಯ, ಆ ಹೊತ್ತಿಗೆ ಈ ಅನಿಲ ಜಾಸ್ತಿ ಹೊರಡುತ್ತದೆ. ‘ಕೆಂಡ ತಾನೇ, ಹೊಗೆ ಎಲ್ಲಿದೆ’ ಎಂದು ಅಗ್ಗಿಷ್ಟಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿ ಬೆಳಗ್ಗೆ ಏಳದವರ ಸುದ್ದಿಯನ್ನು ಪ್ರತಿ ಚಳಿಗಾಲ ಓದುತ್ತೇವೆ. ಟೆಂಟ್, ರೂಮು, ಶಟರ್ ಎಳೆದ ಗ್ಯಾರೇಜು, ಸುತ್ತ ಪರದೆ ಕಟ್ಟಿದ ಶಾಮಿಯಾನ, ಯಾವುದರಲ್ಲೂ ಬೇಡ. ‘ನಮ್ಮ ಮಾಡೆಲ್ ಮನೆಯೊಳಗೂ ಸೇಫ್’ ಎಂದು ಹೇಳಿ ಸೌದೆ ಉರಿಸುವ ಪಿಟ್ ಮಾರುವವರ ಹತ್ತಿರ ಏನನ್ನೂ ಕೊಳ್ಳಬೇಡಿ.

ಪ್ರಶ್ನೆ: ನಾವು ಪೆನ್ಸಿಲ್ವೇನಿಯಾದಲ್ಲಿದ್ದೇವೆ. ಅಕ್ಟೋಬರ್‌ನಲ್ಲಿ ಸಾಗರದಿಂದ ಅಪ್ಪ ಅಮ್ಮ ಬರುತ್ತಾರೆ. ಸಂಜೆ ಹಿತ್ತಲಲ್ಲಿ ಬೆಂಕಿ ಕಾಯಿಸಬೇಕು, ಅದರ ಮೇಲೆಯೇ ಏನಾದರೂ ಅಡುಗೆ ಮಾಡಬೇಕು, ತಿಂಗಳಿಗೊಮ್ಮೆ ಕ್ಯಾಂಪಿಂಗ್‌ಗೂ ಒಯ್ಯಬೇಕು. ಸೋಲೋ ಸ್ಟೋವ್ ಬಾನ್‌ಫೈರ್, ಬ್ರೀಯೋ ಎಕ್ಸ್ 24, ಬಯೋಲೈಟ್ ಫೈರ್ ಪಿಟ್, ಈ ಮೂರರಲ್ಲಿ ಯಾವುದು?

ಈ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ. ಯಾಕೆಂದರೆ ಕೊಂಡವರಲ್ಲಿ ಬಹಳ ಜನ ಮೊದಲ ರಾತ್ರಿಯೇ ‘ಬೆಂಕಿ ಚೆನ್ನಾಗಿದೆ, ಆದರೆ ಕಾಲು ತಣ್ಣಗಿದೆ’ ಎಂದು ಬರೆಯುತ್ತಾರೆ. ಅದು ಪಿಟ್‌ನ ದೋಷವಲ್ಲ. ಅದು ಕೆಲಸ ಮಾಡುವ ರೀತಿಯೇ ಹಾಗೆ.

ಹೊಗೆ ಅಂದರೆ ಉರಿಯದೆ ತಪ್ಪಿಸಿಕೊಂಡ ಸೌದೆ. ಸೋಲೋ ಮತ್ತು ಬ್ರೀಯೋದಲ್ಲಿ ಉಕ್ಕಿನ ಎರಡು ಗೋಡೆಗಳಿವೆ. ಕೆಳಗಿನಿಂದ ಒಳಗೆ ಬಂದ ಗಾಳಿಯಲ್ಲಿ ಒಂದು ಪಾಲು ನೇರ ಸೌದೆಯ ಬುಡಕ್ಕೆ ಹೋಗುತ್ತದೆ. ಇನ್ನೊಂದು ಪಾಲು ಗೋಡೆಗಳ ನಡುವೆ ಕಾಯುತ್ತಾ ಏರಿ, ಬಾಯಿಯ ಹತ್ತಿರದ ತೂತುಗಳಿಂದ ಒಳಗೆ ನುಗ್ಗುತ್ತದೆ. ಆ ಬಿಸಿ ಗಾಳಿ ಸಿಕ್ಕಿದ ತಕ್ಷಣ ಮೇಲೇರುವ ಹೊಗೆಯೇ ಹತ್ತಿಕೊಳ್ಳುತ್ತದೆ. ಗ್ಯಾಸ್ ಒಲೆಯ ಬರ್ನರ್‌ನಂತೆ ತೂತು ತೂತಿನಿಂದ ಉರಿ ಬಂದ ಹಾಗೆ ಕಾಣುವುದು ಇದೇ.

ಈಗ ಕಾವಿನ ಲೆಕ್ಕ ನೋಡಿ. ಬಯಲಿನ ಬೆಂಕಿಯ ಎದುರು ಕೂತರೆ ಕೆಂಡದ ಝಳ ನೇರ ಮೊಣಕಾಲಿಗೆ, ಎದೆಗೆ ಹೊಡೆಯುತ್ತದೆ. ಎರಡು ಗೋಡೆಯ ಡಬ್ಬದಲ್ಲಿ ಕೆಂಡ ತಳದಲ್ಲಿ ಅವಿತಿರುತ್ತದೆ. ಪಕ್ಕಕ್ಕೆ ಬರಬೇಕಾದ ಝಳವನ್ನು ಗೋಡೆ ತಡೆಯುತ್ತದೆ. ಬಿಸಿ ಗಾಳಿ ನೇರ ಆಕಾಶಕ್ಕೆ ಹೋಗುತ್ತದೆ. ಬಾಯಿಯ ಮೇಲೆ ಎದ್ದ ಉರಿಯ ಝಳ ಮಾತ್ರ ನಿಮಗೆ ಸಿಗುತ್ತದೆ, ಅದೂ ಮುಖಕ್ಕೆ. ಅದಕ್ಕೇ ಸೋಲೋದವರು ಮೂರು ಕಾಲಿನ ಮೇಲೆ ನಿಲ್ಲುವ ಒಂದು ಉಕ್ಕಿನ ತಟ್ಟೆಯನ್ನು ಬೇರೆಯಾಗಿ ಮಾರುತ್ತಾರೆ, ಹೀಟ್ ಡಿಫ್ಲೆಕ್ಟರ್ ಅಂತ. ಮೇಲೆ ಹೋಗುವ ಕಾವನ್ನು ಅದು ಪಕ್ಕಕ್ಕೆ, ಕೆಳಕ್ಕೆ ತಿರುಗಿಸುತ್ತದೆ. ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ಖರ್ಚು ಬೇರೆ, ಅದು ಮೇಲಿದ್ದಾಗ ಅಡುಗೆ ಇಲ್ಲ.

ಇನ್ನು ಒಂದೊಂದಾಗಿ.

ಸೋಲೋ ಸ್ಟೋವ್ ಬಾನ್‌ಫೈರ್ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನದು. ಅಡ್ಡಳತೆ 19.5 ಇಂಚು, ಎತ್ತರ 14 ಇಂಚು, ತೂಕ ಹತ್ತು ಕೆ.ಜಿ. ಆಸುಪಾಸು. ಒಬ್ಬರೇ ಎತ್ತಿ ಕಾರಿಗಿಡಬಹುದು. ಮೂರರಲ್ಲಿ ಬೇಗ ಹತ್ತಿಕೊಳ್ಳುವುದು, ನೋಡಲು ಚಂದ ಉರಿಯುವುದು ಇದೇ. ಆದರೆ ಸೌದೆ ನುಂಗುತ್ತದೆ. ನಾನು ತೂಗಿ ಹಾಕಿ ನೋಡಿದಾಗ ಗಂಟೆಗೆ ಮೂರೂವರೆ ಕೆ.ಜಿ. ಮೇಲೆಯೇ ಬೇಕಾಯಿತು. ಗಾಳಿ ಇಷ್ಟು ಚೆನ್ನಾಗಿ ಆಡುವುದರಿಂದ ಕೆಂಡ ನಿಲ್ಲುವುದಿಲ್ಲ, ಬೇಗ ಬೂದಿಯಾಗುತ್ತದೆ. ಅಡುಗೆಗೆ ಬೇಕಾದದ್ದು ಕೆಂಡ ತಾನೇ?

ಬ್ರೀಯೋ ನಿಮ್ಮ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯದೇ. ದಪ್ಪ ಉಕ್ಕು, ಗಟ್ಟಿ ಕೆಲಸ. ಬಾಯಿಯ ಅಂಚು ಅಗಲ, ಚಪ್ಪಟೆ. ಅಂಚು ಕಾದ ಮೇಲೆ ಅದರ ಮೇಲೆಯೇ ಮೀನು, ಪನೀರ್, ಈರುಳ್ಳಿ ಸುಡಬಹುದು. ಒಂದು ಕಂಬಕ್ಕೆ ಸಿಕ್ಕಿಸಿದ ಗ್ರಿಲ್ ಸಿಗುತ್ತದೆ, ಉರಿ ನೋಡಿಕೊಂಡು ಏರಿಸಬಹುದು, ಇಳಿಸಬಹುದು. ಹಿತ್ತಲಿನ ಅಡುಗೆಗೆ ಮೂರರಲ್ಲಿ ಇದೇ ಮೇಲು. ಆದರೆ ಎಕ್ಸ್ 24ರ ತೂಕ 25 ಕೆ.ಜಿ. ದಾಟುತ್ತದೆ. ತಿಂಗಳಿಗೊಮ್ಮೆ ಎತ್ತಿ ಕಾರಿಗಿಡುವ ಸಾಮಾನು ಅಲ್ಲ. ಅಪ್ಪನ ಕೈಲಿ ಎತ್ತಿಸಬೇಡಿ.

ಬಯೋಲೈಟ್ ಬೇರೆ ಜಾತಿ. ಗೋಡೆ ಜಾಲರಿಯದು, ಕೆಂಡ ಪಕ್ಕದಿಂದಲೇ ಕಾಣುತ್ತದೆ. ಕಾಣುತ್ತದೆ ಅಂದಮೇಲೆ ಝಳವೂ ಬರುತ್ತದೆ. ಹೊಗೆ ಸುಡುವ ಕೆಲಸವನ್ನು ಬ್ಯಾಟರಿಯ ಫ್ಯಾನ್ ಮಾಡುತ್ತದೆ. ಅದು 51 ಸಣ್ಣ ತೂತುಗಳಿಂದ ಗಾಳಿ ಊದುತ್ತದೆ. ನಮ್ಮ ಅಜ್ಜಿಯರ ಊದುಗೊಳವೆ ಮಾಡುತ್ತಿದ್ದ ಕೆಲಸವೇ ಇದು, ಬಿಡುವಿಲ್ಲದೆ. ತೂಕ ಒಂಬತ್ತು ಕೆ.ಜಿ. ಸುತ್ತ. ಒಳಗೆ ಸೌದೆ ಇಡುವ ತಟ್ಟೆಯನ್ನು ಮೇಲೆತ್ತಿದರೆ ಇದ್ದಿಲು ಹಾಕಿ ಸುಡಬಹುದು, ಗ್ರಿಲ್ ಜೊತೆಗೇ ಬರುತ್ತದೆ. ಫ್ಯಾನ್ ತಗ್ಗಿಸಿದರೆ ಕೆಂಡ ಉಳಿಯುತ್ತದೆ, ಏರಿಸಿದರೆ ಉರಿ ಬರುತ್ತದೆ. ಕೊರತೆ ಅಂದರೆ ಬ್ಯಾಟರಿ. ಫ್ಯಾನ್ ಜೋರಾಗಿಟ್ಟರೆ ಐದರಿಂದ ಏಳು ಗಂಟೆ. ಚಾರ್ಜ್ ಮುಗಿದರೆ ಅದು ಬರೀ ಜಾಲರಿ ಪೆಟ್ಟಿಗೆ, ಹೊಗೆ ಶುರು. ಗ್ರಿಲ್ ಕೂಡ ಚಿಕ್ಕದು, ಹತ್ತು ಜನಕ್ಕೆ ಆಗದು.

ನೀವು ಮೂರೂ ಕೆಲಸ ಕೇಳಿದ್ದೀರಿ, ಹಾಗಾಗಿ ನನ್ನ ಉತ್ತರ ಬಯೋಲೈಟ್. ಕ್ಯಾಂಪಿಂಗ್ ಬಿಟ್ಟರೆ ಬ್ರೀಯೋ. ಅಡುಗೆ ಬೇಡ, ಸುತ್ತ ಕೂತು ಮಾತಾಡಿದರೆ ಸಾಕು ಅಂದರೆ ಸೋಲೋ, ಡಿಫ್ಲೆಕ್ಟರ್ ಸಮೇತ.

ಆದರೆ ಯಾವುದನ್ನು ತಗೊಂಡರೂ ಹಸಿ ಸೌದೆ ಹಾಕಿದರೆ ಹೊಗೆ ಬಂದೇ ಬರುತ್ತದೆ. ಬ್ರ್ಯಾಂಡ್ ಬಗ್ಗೆ ನೂರು ಪತ್ರ ಬರುತ್ತವೆ, ಸೌದೆ ಬಗ್ಗೆ ಒಂದೂ ಬರುವುದಿಲ್ಲ. ಈಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅಂಥ ಹತ್ತು ಕೆ.ಜಿ. ಹಾಕಿದರೆ ಐದು ಲೀಟರ್ ನೀರನ್ನು ಆವಿ ಮಾಡಬೇಕು. ಆ ಕಾವೆಲ್ಲ ನಿಮ್ಮ ಕಾಲಿಗೆ ಬರಬೇಕಾಗಿದ್ದದ್ದು. ಉರಿ ತಣ್ಣಗಾದರೆ ಹೊಗೆ ಹತ್ತಿಕೊಳ್ಳುವುದೂ ಇಲ್ಲ. ನೀರಿನಂಶ ನೂರಕ್ಕೆ ಇಪ್ಪತ್ತರ ಒಳಗಿರಬೇಕು. ಎರಡು ಮುಳ್ಳಿನ ಮಾಯಿಶ್ಚರ್ ಮೀಟರ್ ಅಲ್ಲಿ ಅಗ್ಗಕ್ಕೆ ಸಿಗುತ್ತದೆ. ಸೌದೆಯನ್ನು ಸೀಳಿ ಒಳಮೈಗೆ ಚುಚ್ಚಿ ನೋಡಿ, ಹೊರಮೈಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ಮೀಟರ್ ಇಲ್ಲದಿದ್ದರೆ ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಠಣ್ ಅನ್ನಬೇಕು. ಡಬ್ ಅಂದರೆ ಹಸಿ. ಓಕ್ ಒಣಗಲು ಒಂದೆರಡು ವರ್ಷ ಬೇಕು, ಆದ್ದರಿಂದ ಬಿಸಿ ಗೂಡಿನಲ್ಲಿ (ಕಿಲ್ನ್) ಒಣಗಿಸಿ ಚೀಲದಲ್ಲಿ ಮಾರುವ ಸೌದೆಯನ್ನು ಅಂಗಡಿಯಿಂದ ತಗೊಳ್ಳಿ. ಮನೆಯ ಸೌದೆಯನ್ನು ದೂರದ ಕ್ಯಾಂಪಿಗೆ ಒಯ್ಯಬೇಡಿ. ಆಶ್ ಮರಗಳನ್ನು ಕೊಲ್ಲುವ ಎಮರಾಲ್ಡ್ ಆಶ್ ಬೋರರ್ ಹುಳ 2002ರಲ್ಲಿ ಮಿಶಿಗನ್‌ನಲ್ಲಿ ಕಂಡದ್ದು, ಆಮೇಲೆ ಜನ ಸಾಗಿಸಿದ ಸೌದೆಯ ಜೊತೆಗೂ ಊರೂರು ಹಬ್ಬಿತು. ಸೌದೆಯನ್ನು ಕ್ಯಾಂಪಿನ ಹತ್ತಿರವೇ ಕೊಳ್ಳಿ.

ತುಂಬುವಾಗ ಸೌದೆ ಮೇಲಿನ ತೂತುಗಳಿಗಿಂತ ಕೆಳಗಿರಲಿ. ಮೇಲೆ ಬಂದರೆ ಹೊಗೆ ತಪ್ಪಿಸಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಹೊಗೆ ಇದ್ದೇ ಇರುತ್ತದೆ, ಗಾಬರಿ ಬೇಡ.

ಅಡುಗೆಯ ವಿಷಯ. ಪಾತ್ರೆಯನ್ನು ಬಾಯಿಯ ಮೇಲೆ ಮುಚ್ಚಳದಂತೆ ಇಡಬೇಡಿ. ಗಾಳಿ ನಿಂತು, ಉರಿ ತಣ್ಣಗಾಗಿ ಮಸಿ ಹಿಡಿಯುತ್ತದೆ. ಕಡಿಮೆ ಅಂದರೆ ನಾಲ್ಕು ಬೆರಳು ಸಂದಿ ಬೇಕು. ಸೋಲೋದಲ್ಲಿ ಗ್ರಿಲ್ ಕೆಳಗೆ ಒಂದು ಎತ್ತರದ ಬಳೆ ಕೊಡುವುದು ಅದಕ್ಕೇ. ಕಬ್ಬಿಣದ ಕಾವಲಿ ಆಗುತ್ತದೆ, ನಾನ್‌ಸ್ಟಿಕ್ ಆಗದು, ಅದರ ಲೇಪ ಈ ಉರಿ ತಡೆಯುವುದಿಲ್ಲ. ಪ್ರೆಷರ್ ಕುಕ್ಕರ್ ಬೇಡ, ಹಿಡಿಯೂ ಗ್ಯಾಸ್ಕೆಟ್ಟೂ ಸುಡುತ್ತವೆ. ಬಾಣಲೆಯಲ್ಲಿ ಎಣ್ಣೆ ಇಟ್ಟು ಬಜ್ಜಿ ಕರಿಯುವುದಂತೂ ಖಂಡಿತ ಬೇಡ. ನಾಲಿಗೆ ಚಾಚುವ ಉರಿಗೆ ಎಣ್ಣೆ ಹತ್ತಿದರೆ ಹಿತ್ತಲಲ್ಲಿ ಯಾರೂ ಏನೂ ಮಾಡಲಾಗದು. ಅಕ್ಕಿ ರೊಟ್ಟಿಗೆ ಉರಿ ಇಳಿಯುವ ತನಕ ಕಾಯಿರಿ. ಅರ್ಧ ಗಂಟೆ ಮುಂಚೆ ಎರಡು ದಪ್ಪ ತುಂಡು ಹಾಕಿದ್ದರೆ ಒಳ್ಳೆಯ ಕೆಂಡ ಸಿಗುತ್ತದೆ. ಬದನೆಕಾಯಿ, ಗೆಣಸು, ಜೋಳದ ತೆನೆ, ಹಲಸಿನ ಹಪ್ಪಳ ಎಲ್ಲವೂ ಕೆಂಡದ ಮೇಲೆ ಚೆನ್ನಾಗಿ ಆಗುತ್ತವೆ. ನಿಮ್ಮ ಅಮ್ಮನಿಗೆ ಇದೆಲ್ಲ ಗೊತ್ತಿರುತ್ತದೆ, ಅವರ ಮಾತು ಕೇಳಿ.

ಇನ್ನೊಂದು ಮಾತು. ಓಹಿಯೋದಲ್ಲಿ ನನ್ನ ಮಗಳ ಮನೆಯ ಮರದ ಡೆಕ್ (ಹಲಗೆಯ ಜಗಲಿ) ಮೇಲೆ ಇಂಥದೊಂದು ಪಿಟ್ ಅನ್ನು ಸ್ಟ್ಯಾಂಡ್ ಇಲ್ಲದೆ ಇಟ್ಟಿದ್ದರು. ಎರಡು ಗಂಟೆಯ ಮೇಲೆ ಎತ್ತಿ ನೋಡಿದರೆ ಹಲಗೆ ಇದ್ದಿಲಿನಂತೆ ಕಪ್ಪಾಗಿ ಹೊಗೆಯಾಡುತ್ತಿತ್ತು. ಆ ರಾತ್ರಿ ಮೊಮ್ಮಗ ಪಕ್ಕದ ಕೋಣೆಯಲ್ಲೇ ಮಲಗಿದ್ದ. ಅಂದಿನಿಂದ ನಾನು ಡೆಕ್ ಮೇಲೆ ಸ್ಟ್ಯಾಂಡ್ ಇದ್ದರೂ ಒಪ್ಪುವುದಿಲ್ಲ. ಮಣ್ಣು, ಜಲ್ಲಿ ಅಥವಾ ಕಲ್ಲು ಹಾಸಿನ ಮೇಲೆ ಇಡಿ. ಹೊರಗೋಡೆಯೂ ಮುಟ್ಟಲಾಗದಷ್ಟು ಸುಡುತ್ತದೆ, ಮಕ್ಕಳು ಎರಡು ಮಾರು ದೂರ ಇರಲಿ. ಅಮ್ಮನ ಸಿಂಥೆಟಿಕ್ ಸೀರೆಯ ಸೆರಗು, ನೈಲಾನ್ ಜಾಕೆಟ್ ಕಿಡಿಗೆ ಕ್ಷಣದಲ್ಲಿ ಕರಗಿ ಮೈಗೆ ಅಂಟುತ್ತವೆ. ಹತ್ತಿ ಅಥವಾ ಉಣ್ಣೆ ಹೊದೆಸಿ.

ಪ್ರಶ್ನೆ: ಚಿಕ್ಕಮಗಳೂರಿನ ಹತ್ತಿರ ಹೋಂಸ್ಟೇ ಇದೆ. ಜಿ.ಐ. ಶೀಟಿನ ಡ್ರಮ್ಮಿಗೆ ತೂತು ಹೊಡೆದು ‘ಸ್ಮೋಕ್‌ಲೆಸ್’ ಮಾಡಿಕೊಡುತ್ತೇನೆ ಎಂದು ವೆಲ್ಡಿಂಗ್‌ನವರು ಹೇಳುತ್ತಾರೆ. ಮಾಡಿಸಲೇ?

ಬೇಡ. ಒಂದೇ ಗೋಡೆಗೆ ಎಷ್ಟು ತೂತು ಹೊಡೆದರೂ ತಣ್ಣನೆಯ ಗಾಳಿ ಒಳಗೆ ಬರುತ್ತದೆ, ಅಷ್ಟೇ. ಹೊಗೆ ಉರಿಯುವುದಿಲ್ಲ. ಜಿ.ಐ. ಅಂದರೆ ಸತುವಿನ ಲೇಪ. ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ, 907ಕ್ಕೆ ಕುದಿಯುತ್ತದೆ. ಕೆಂಡದ ಮಧ್ಯೆ ಅಷ್ಟು ಕಾವು ಬರಬಹುದು. ಆ ಹಬೆ ಕುಡಿದರೆ ಚಳಿಜ್ವರ ಬಂದ ಹಾಗೆ ಆಗುತ್ತದೆ. ದುಡ್ಡು ಕೊಟ್ಟು ಬಂದ ಅತಿಥಿಗಳನ್ನು ಅದರ ಸುತ್ತ ಕೂರಿಸಬೇಡಿ. ಮಾಡಿಸುವುದಾದರೆ ಲೇಪವಿಲ್ಲದ ಉಕ್ಕಿನ ಎರಡು ಡ್ರಮ್ ಬೇಕು, ಒಂದರೊಳಗೆ ಒಂದು. ನಡುವೆ ಎರಡು ಬೆರಳು ಸಂದಿ. ಸಂದಿಯ ಮೇಲ್ಬಾಯಿ ಪೂರ್ತಿ ಮುಚ್ಚಿರಬೇಕು. ಗಾಳಿಗೆ ಹೊರ ಡ್ರಮ್ಮಿನ ಬುಡದಲ್ಲಿ ತೂತು, ಒಳ ಡ್ರಮ್ಮಿನ ತಳದಲ್ಲಿ ಮತ್ತು ಬಾಯಿಯ ಹತ್ತಿರ ತೂತು. ಬಣ್ಣ ಬಳಿಯಬೇಡಿ.

ಸೌದೆಗೆ ನಿಮಗೇನು ಕಮ್ಮಿ? ಒಣಗಿದ ಕಾಫಿ ಗಿಡದ ಬೊಡ್ಡೆಯಷ್ಟು ಒಳ್ಳೆಯ ಸೌದೆ ಅಪರೂಪ. ಗಟ್ಟಿ, ಹೊಗೆ ಕಮ್ಮಿ, ಕೆಂಡ ನಿಲ್ಲುತ್ತದೆ. ಸಿಲ್ವರ್ ಓಕ್ ಚಕ್ಕೆ ಹೊತ್ತಿಸಲು ಸಾಕು. ಚೇರು ಮರದ ತುಂಡು ಮಾತ್ರ ಸೇರದಂತೆ ನೋಡಿಕೊಳ್ಳಿ, ಅದರ ಹೊಗೆ ತಾಗಿದರೆ ಮೈ ಮುಖ ಊದುತ್ತದೆ. ಗೇರುಬೀಜದ ಸಿಪ್ಪೆಯೂ ಬೇಡ, ಪ್ಲೈವುಡ್ ಬೇಡ, ಪೇಂಟ್ ಬಳಿದ ಹಳೇ ಕಿಟಕಿ ಬೇಡ.

ಪ್ರಶ್ನೆ: ಇದೂ ಅಸ್ತ್ರ ಒಲೆಯೂ ಒಂದೇನಾ?

ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಅಡುಗೆಮನೆಯದು, ಚಿಮಣಿ ಹೊಗೆಯನ್ನು ಹೊರಗೆ ಒಯ್ಯುತ್ತದೆ. ಇದಕ್ಕೆ ಚಿಮಣಿ ಇಲ್ಲ.

ಪ್ರಶ್ನೆ: ಬೇಗ ಹತ್ತಲು ಪೆಟ್ರೋಲ್ ಹಾಕಬಹುದೇ?

ಎಂದಿಗೂ ಇಲ್ಲ.

ಪ್ರಶ್ನೆ: ಬೆಂಗಳೂರಿನ ಫ್ಲ್ಯಾಟ್‌ನ ಬಾಲ್ಕನಿಯಲ್ಲಿ?

ಇಲ್ಲ. ಮೇಲಿನ ಮನೆಯವರ ಒಗೆದ ಬಟ್ಟೆಗೆ ಒಂದು ಕಿಡಿ ಸಾಕು.

ಪ್ರಶ್ನೆ: ಸೊಳ್ಳೆ ಓಡುತ್ತವೆಯೇ?

ಸೊಳ್ಳೆ ಓಡಿಸುತ್ತಿದ್ದದ್ದು ಹೊಗೆ. ಅದನ್ನು ಬೇಡ ಅಂದಮೇಲೆ ಸೊಳ್ಳೆ ಪರದೆ ಕಟ್ಟಿಕೊಳ್ಳಿ.

ಪ್ರಶ್ನೆ: ಉರಿಗೆ ನೀಲಿ ಹಸಿರು ಬಣ್ಣ ಕೊಡುವ ಪ್ಯಾಕೆಟ್ ಹಾಕಿ ಅದರ ಮೇಲೆ ಜೋಳ ಸುಡಬಹುದೇ?

ಆ ಬಣ್ಣ ತಾಮ್ರದಂಥ ಲೋಹದ ಲವಣಗಳದು. ಅದನ್ನು ಹಾಕಿದ ದಿನ ಅಡುಗೆ ಬೇಡ.

ಪ್ರಶ್ನೆ: ಮಲಗುವ ಮುಂಚೆ ನೀರು ಸುರಿದು ಆರಿಸಿ, ಬೂದಿಯನ್ನು ಗುಲಾಬಿ ಗಿಡಕ್ಕೆ ಹಾಕಲೇ?

ಕಾದ ಉಕ್ಕಿಗೆ ನೀರು ಸುರಿದರೆ ಸೊಟ್ಟಗಾಗುತ್ತದೆ, ಹಬೆ ಮುಖಕ್ಕೆ ಹೊಡೆಯುತ್ತದೆ. ಮಲಗುವ ಒಂದು ಗಂಟೆ ಮುಂಚೆ ಸೌದೆ ಹಾಕುವುದು ನಿಲ್ಲಿಸಿ, ಪೂರ್ತಿ ಆರುವ ತನಕ ಯಾರಾದರೂ ಒಬ್ಬರು ಹತ್ತಿರ ಇರಿ. ಬೂದಿಯೊಳಗೆ ಕೆಂಡ ಮಾರನೇ ದಿನವೂ ಬದುಕಿರುತ್ತದೆ. ಅದಕ್ಕೆ ಬೂದಿಯನ್ನು ತಗಡಿನ ಡಬ್ಬದಲ್ಲಿ ಮುಚ್ಚಿ ಎರಡು ದಿನ ಹೊರಗಿಡಿ. ಆಮೇಲೆ ಗಿಡಕ್ಕೆ ಒಂದು ಹಿಡಿ, ಅಷ್ಟೇ.